ಹೀಟರ್ ಬರ್ತಿಲ್ಲ ಅಂದ್ರೆ ‘ಬೆಂಗಳೂರಿಗೆ ಯಾಕ್ ಮೇಡಂ’ ಅಂತಾರೆ

ಮಾನ್ಯ ಸಂಪಾದಕರೇ,

ಮಂಜು ಬಿದ್ದಾಗ ಗಾಡಿ ಓಡಿಸೋದು ಹೇಗೆ ಅಂತ ನಿಮ್ಮ ಪತ್ರಿಕೆಯಲ್ಲಿ ಟಿಪ್ಸ್ ಹಾಕಿದ್ರಲ್ಲ, ಲೋ ಬೀಮ್‌ನಲ್ಲೇ ಹೋಗಿ, ಮುಂದಿನ ಗಾಡಿ ಬಾಲ ಹಿಡೀಬೇಡಿ, ಎಲ್ಲಾ ಸರಿಯಾಗೇ ಇತ್ತು, ಆದ್ರೆ ಕೊನೇಲಿ ಒಳಗಿನ ಗ್ಲಾಸ್ ಮಬ್ಬಾದ್ರೆ ಬಿಸಿಗಾಳಿ ಬಿಡಿ ಅಂತ ಒಂದೇ ಒಂದು ಲೈನ್ ಬರೆದು ಕೈ ತೊಳ್ಕೊಂಡ್ರಿ. ಬಿಸಿಗಾಳಿ ಬಂದ್ರೆ ತಾನೇ ಸ್ವಾಮಿ ಬಿಡೋದು? ಈ ಊರಲ್ಲಿ ಹದಿನೈದು ಇಪ್ಪತ್ತು ವರ್ಷ ದಾಟಿದ ಗಾಡಿಗಳು ಎಷ್ಟೋ ಇವೆ, ಅದರಲ್ಲಿ ಹೀಟರ್ ನಾಬ್‌ನ ನೀಲಿಯಿಂದ ಕೆಂಪು ಕಡೆ ಎಷ್ಟು ತಿರುಗಿಸಿದ್ರೂ ಅದೇ ತಣ್ಣನೆ ಗಾಳಿ ಬರೋವು ಎಷ್ಟಿವೆ ಅಂತ ನಿಮ್ಮ ಆಫೀಸ್ ಪಾರ್ಕಿಂಗ್‌ನಲ್ಲೇ ಒಂದ್ಸಲ ಕೇಳಿ ನೋಡಿ. ಬಹಳ ಜನಕ್ಕೆ ಅದು ಕೆಟ್ಟಿದೆ ಅಂತಾನೇ ಗೊತ್ತಿರಲ್ಲ, ಯಾಕಂದ್ರೆ ಯಾರೂ ಆನ್ ಮಾಡಿ ನೋಡಿರಲ್ಲ.

ನನ್ನದೂ ಇಪ್ಪತ್ತು ವರ್ಷ ದಾಟಿದ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಎಫ್‌ಸಿ, ಅಂದ್ರೆ ಗಾಡಿ ಓಡಿಸೋಕೆ ಯೋಗ್ಯ ಅನ್ನೋ ಸರ್ಟಿಫಿಕೇಟ್, ಆಗಿದೆ, ಹಳೇ ಗಾಡಿಗೆ ಹಾಕೋ ಗ್ರೀನ್ ಟ್ಯಾಕ್ಸ್ ಕಟ್ಟಿದೀನಿ, 2022ರ ಏಪ್ರಿಲ್‌ನಲ್ಲಿ ರೀ ರಿಜಿಸ್ಟ್ರೇಶನ್ ಫೀಸ್‌ನ 600ರಿಂದ 5000ಕ್ಕೆ ಏರಿಸಿದ ಮೇಲೂ ಗೊಣಗಿಕೊಂಡೇ ಕಟ್ಟಿದೀನಿ. ಹಾಗಾಗಿ ‘ಮಾರಿ ಹೊಸದು ತಗೊಳ್ಳಿ’ ಅನ್ನೋರು ದಯವಿಟ್ಟು ಈ ಪತ್ರ ಓದೋ ಕಷ್ಟ ತಗೋಬೇಡಿ. ತವರು ಸಕಲೇಶಪುರದ ಕಡೆ, ಮಳೆಗಾಲದಲ್ಲೂ ಚಳಿಗಾಲದಲ್ಲೂ ಹೋಗಿ ಬರ್ತಾ ಇರ್ತೀವಿ, ಆ ಘಾಟಿ ಮಂಜು ನೋಡಿದೋರಿಗೆ ಹೀಟರ್ ಶೋಕಿ ಅಲ್ಲ ಅಂತ ಬಿಡಿಸಿ ಹೇಳೋದು ಬೇಕಿಲ್ಲ.

ಗ್ಯಾರೇಜಿಗೆ ಹೋಗಿ ಹೀಟರ್ ಸರಿಯಾಗಿ ಬರ್ತಿಲ್ಲ ಅಂದ್ರೆ ಮೊದಲು ಬರೋ ಉತ್ತರ ‘ಬೆಂಗಳೂರಿಗೆ ಹೀಟರ್ ಯಾಕ್ ಮೇಡಂ?’ ಎರಡನೇದು ‘ಸರ್‌ನ ಕಳಿಸಿ, ಅವರಿಗೆ ಹೇಳ್ತೀನಿ’. ಗಾಡಿ ನನ್ನ ಹೆಸರಲ್ಲಿದೆ, ಓಡಿಸೋದು ನಾನು, ನಮ್ಮನೆಯವರಿಗೆ ಬಾನೆಟ್ ಎತ್ತೋ ಲಿವರ್ ಎಲ್ಲಿದೆ ಅಂತ್ಲೂ ಗೊತ್ತಿಲ್ಲ, ಆದ್ರೂ ಅವರಿಗೇ ಹೇಳ್ಬೇಕಂತೆ. ಅದಿರ್ಲಿ, ಅದು ಬೇರೆ ಪತ್ರ.

ಬೆಂಗಳೂರಿಗೆ ಯಾಕೆ ಅನ್ನೋ ಪ್ರಶ್ನೆಗೆ ಉತ್ತರ ಕೊಟ್ಟುಬಿಡ್ತೀನಿ. ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿರೋ ಊರು ನಮ್ಮದು, 1884ರ ಜನವರಿ 13ಕ್ಕೆ 7.8 ಡಿಗ್ರಿಗೆ ಇಳಿದ ದಾಖಲೆ ಇದೆ. ಈಗ ಅಷ್ಟೆಲ್ಲ ಇಲ್ಲ ಬಿಡಿ, ಜನವರಿ ಬೆಳಗ್ಗೆ ಹದಿನೈದು ಹದಿನಾರು ಡಿಗ್ರಿ ಇದ್ರೆ ಹೆಚ್ಚು. ಆದ್ರೆ ವಿಷಯ ಚಳಿ ಅಲ್ಲ, ಗ್ಲಾಸು. ಮಳೆ ಸುರೀತಿದೆ, ನಾಲ್ಕು ಜನ ಕಿಟಕಿ ಏರಿಸ್ಕೊಂಡು ಕೂತಿದೀವಿ, ಒದ್ದೆ ಛತ್ರಿ ಕಾಲಡಿ ಇದೆ, ಎಲ್ಲರ ಉಸಿರಿನ ತೇವ ಹೋಗಿ ತಣ್ಣಗಾಗಿರೋ ಗ್ಲಾಸಿಗೆ ಅಂಟತ್ತೆ, ಎದುರಿಗೆ ಬರೋ ಬಸ್ಸಿನ ಲೈಟು ಬಿಟ್ರೆ ಇನ್ನೇನೂ ಕಾಣಲ್ಲ, ಆಗ ನಾವು ಮಾಡೋದು ಕರ್ಚೀಫ್ ತಗೊಂಡು ಒರೆಸೋದು, ಒಂದು ಕೈಯಲ್ಲಿ ಸ್ಟಿಯರಿಂಗ್. ಇದಕ್ಕೆ ಸರಿಯಾದ ದಾರಿ ಅಂದ್ರೆ ಎಸಿ ಮತ್ತೆ ಬಿಸಿ ಎರಡನ್ನೂ ಒಟ್ಟಿಗೆ ಹಾಕೋದು. ಕೇಳಿದ್ರೆ ನಗ್ತಾರೆ, ಆದ್ರೆ ಎಸಿ ಗಾಳಿಯಲ್ಲಿರೋ ನೀರನ್ನ ಹಿಂಡಿ ತೆಗೆಯತ್ತೆ, ಹೀಟರ್ ಆ ಒಣಗಾಳಿನ ಬಿಸಿ ಮಾಡತ್ತೆ, ಅದನ್ನ ಮುಂದಿನ ಗ್ಲಾಸಿಗೆ ಬಿಟ್ಟು, ಒಳಗಿನ ಗಾಳಿನೇ ಸುತ್ತಿಸೋ ಬಟನ್ ಆಫ್ ಮಾಡಿ ಹೊರಗಿನ ಗಾಳಿ ತಗೊಂಡ್ರೆ ನೋಡ್ತಾ ನೋಡ್ತಾ ಗ್ಲಾಸ್ ಬಿಟ್ಕೊಳತ್ತೆ. ಮಬ್ಬು ಹೊರಗಡೆ ಇದ್ರೆ ಕಥೆನೇ ಬೇರೆ, ಬೆರಳಲ್ಲಿ ಒಳಗೆ ಒರೆಸಿ ನೋಡಿ, ಹೋಗಲಿಲ್ಲ ಅಂದ್ರೆ ಅದು ಹೊರಗಿಂದು, ಎಸಿ ಜಾಸ್ತಿ ಕೊಟ್ಟು ಗ್ಲಾಸ್ ತಣ್ಣಗೆ ಮಾಡಿರ್ತೀವಿ, ವೈಪರ್ ಒಂದ್ಸಲ ಹಾಕಿ ಎಸಿ ಕಮ್ಮಿ ಮಾಡಿದ್ರೆ ಮುಗೀತು.

ಹೀಟರ್ ಹಾಕಿದ್ರೆ ಪೆಟ್ರೋಲ್ ಕುಡಿಯತ್ತೆ ಅಂತ ನಂಬಿರೋರೂ ಇದಾರೆ, ನಮ್ಮ ಮಾವನೋರೇ ಒಬ್ರು. ಪೆಟ್ರೋಲ್ ಕುಡಿಯೋದು ಎಸಿ. ಎಂಜಿನ್ ಸುಡೋ ಪೆಟ್ರೋಲ್‌ನ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಬಿಸಿಯಾಗಿ ಕೂಲೆಂಟಿಗೆ, ಅಂದ್ರೆ ಎಂಜಿನ್ ತಂಪು ಮಾಡೋಕೆ ಒಳಗೆ ಸುತ್ತೋ ನೀರಿಗೆ, ಹೋಗತ್ತೆ, ಅದನ್ನ ರೇಡಿಯೇಟರ್ ಬೀದಿಗೆ ಬಿಸಾಕತ್ತೆ, ಅದರಲ್ಲೇ ಒಂದು ಪಾಲನ್ನ ಎರಡು ಹೋಸ್ ಪೈಪ್‌ನಲ್ಲಿ ಡ್ಯಾಶ್‌ಬೋರ್ಡ್ ಹಿಂದೆ ಕೂತಿರೋ ಚಿಕ್ಕ ರೇಡಿಯೇಟರಿಗೆ, ಗ್ಯಾರೇಜಲ್ಲಿ ಹೀಟರ್ ಕಾಯಿಲ್ ಅಂತಾರಲ್ಲ ಅದಕ್ಕೆ, ಕಳಿಸ್ತಾರೆ, ಬ್ಲೋವರ್ ಅದರ ಮೇಲೆ ಗಾಳಿ ಊದತ್ತೆ. ಹಂಡೆ ಒಲೆ ಮೇಲಿದ್ದಾಗ ಪಕ್ಕದಲ್ಲಿ ಕೂತು ಕೈ ಕಾಯಿಸ್ಕೊಂಡ ಹಾಗೆ, ಬಿಸಿ ಹೇಗೂ ಇದೆ, ನಾವು ತಗೋತೀವಿ ಅಷ್ಟೇ. ಎಲೆಕ್ಟ್ರಿಕ್ ಗಾಡಿಯೋರು ಈ ಮಾತು ನಂಬ್ಕೋಬೇಡಿ, ನಿಮ್ಮಲ್ಲಿ ಬಿಸಿ ಬರೋದು ಬ್ಯಾಟರಿಯಿಂದಾನೇ.

ಅಂದ್ರೆ ಹೀಟರ್ ಅನ್ನೋದು ಬೇರೆ ಮಷಿನ್ ಅಲ್ಲ, ಎಂಜಿನ್ ತಂಪು ಮಾಡೋ ವ್ಯವಸ್ಥೆದೇ ಒಂದು ಕವಲು. ಅದು ಸರಿಯಾಗಿ ಬರ್ತಿಲ್ಲ ಅಂದ್ರೆ ಕೂಲೆಂಟ್ ಕಡೆ ಏನೋ ಆಗಿರಬಹುದು, ಇವತ್ತು ಗಾಳಿ ತಣ್ಣಗೆ ಬರತ್ತೆ, ನಾಳೆ ಹೈವೇಲಿ ಎಂಜಿನ್ ಕುದಿಯತ್ತೆ. ಬೆಂಗಳೂರಿಗೆ ಯಾಕೆ ಅಂತ ಕಳಿಸಿಬಿಡೋ ಮೆಕ್ಯಾನಿಕ್ ಮೇಲೆ ನನಗೆ ಸಿಟ್ಟು ಬರೋದು ಇದಕ್ಕೇ.

ನನ್ನ ಗಾಡಿ ಕಥೆ ಹೇಳಿದ್ರೆ ಅರ್ಥ ಆಗತ್ತೆ. ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ನಿಂತಾಗ ಹೀಟರ್ ಚೆನ್ನಾಗೇ ಬಿಸಿ, ಅದೇ ನೆಲಮಂಗಲ ದಾಟಿ ಕುಣಿಗಲ್ ಕಡೆ ಎಂಬತ್ತರಲ್ಲಿ ಹೋಗ್ತಿದ್ರೆ ನಿಧಾನಕ್ಕೆ ತಣ್ಣಗಾಗೋದು, ಟೋಲಲ್ಲಿ ನಿಂತ್ರೆ ಮತ್ತೆ ಬಿಸಿ. ಟೆಂಪರೇಚರ್ ಮುಳ್ಳು ಹೈವೇಲಿ ಕೆಳಗಡೆನೇ ಮಲಗಿರ್ತಿತ್ತು. ಒಂದು ಗ್ಯಾರೇಜಲ್ಲಿ ಹೀಟರ್ ಕಾಯಿಲ್ ಬ್ಲಾಕ್ ಆಗಿದೆ, ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಬೇಕು, ಎರಡು ದಿನ ಗಾಡಿ ಬಿಡಿ ಅಂದ್ರು. ಕಾಯಿಲ್ ಬ್ಲಾಕ್ ಆಗಿದ್ರೆ ಜಾಮ್‌ನಲ್ಲಿ ಹೇಗೆ ಬಿಸಿ ಬರತ್ತೆ ಅಂತ ಕೇಳಿದ್ದಕ್ಕೆ ಉತ್ತರ ಇಲ್ಲ, ‘ಸರ್‌ನ ಕಳಿಸಿ’. ಇನ್ನೊಂದು ಕಡೆ ವಯಸ್ಸಾದ ಮೆಕ್ಯಾನಿಕ್ ಒಬ್ರು ನಾನು ಹೇಳಿದ್ದನ್ನ ಪೂರ್ತಿ ಕೇಳಿಸ್ಕೊಂಡು, ಬಾನೆಟ್ ಎತ್ತಿ, ತಣ್ಣಗಿರೋ ಎಂಜಿನ್ ಸ್ಟಾರ್ಟ್ ಮಾಡಿ ರೇಡಿಯೇಟರ್‌ನ ಮೇಲಿನ ಹೋಸ್ ಮೇಲೆ ಕೈ ಇಟ್ಕೊಂಡು ಸುಮ್ಮನೆ ನಿಂತ್ರು. ಆಮೇಲೆ ಹೇಳಿದ್ರು, ‘ಇದರಲ್ಲಿ ಥರ್ಮೋಸ್ಟಾಟೇ ಇಲ್ಲಮ್ಮ’.

ಥರ್ಮೋಸ್ಟಾಟ್ ಅಂದ್ರೆ ಎಂಜಿನ್‌ಗೂ ರೇಡಿಯೇಟರ್‌ಗೂ ಮಧ್ಯೆ ಇರೋ ಒಂದು ಸಣ್ಣ ಬಾಗಿಲು, ಒಳಗಡೆ ಮೇಣ ಇರತ್ತೆ, ಕೂಲೆಂಟ್ ಬಿಸಿಯಾದ್ರೆ ಮೇಣ ಕರಗಿ ಹಿಗ್ಗಿ ಬಾಗಿಲು ತಳ್ಳತ್ತೆ, ಬಹಳಷ್ಟು ಗಾಡಿಗಳಲ್ಲಿ ಇದು 82ರಿಂದ 88 ಡಿಗ್ರಿ ಹತ್ರ ತೆಗೆಯೋಕೆ ಶುರುವಾಗತ್ತೆ. ಅಲ್ಲೀವರೆಗೂ ರೇಡಿಯೇಟರ್ ಕಡೆ ನೀರು ಹೋಗಬಾರದು, ಎಂಜಿನ್ ಬೇಗ ಬಿಸಿಯಾಗ್ಬೇಕು. ಅದಕ್ಕೇ ಚೆನ್ನಾಗಿರೋ ಗಾಡಿಯಲ್ಲಿ ಮೇಲಿನ ಹೋಸ್ ಸ್ವಲ್ಪ ಹೊತ್ತು ತಣ್ಣಗೇ ಇದ್ದು ಆಮೇಲೆ ಇದ್ದಕ್ಕಿದ್ದ ಹಾಗೆ ಬಿಸಿಯಾಗತ್ತೆ. ನನ್ನದರಲ್ಲಿ ಶುರುವಿಂದಲೇ ಉಗುರು ಬೆಚ್ಚಗೆ ಆಗ್ತಾ ಬಂತು. ಬಾಗಿಲೇ ಇಲ್ಲ ಅಂದ್ಮೇಲೆ ಹೈವೇ ಗಾಳಿಗೆ ರೇಡಿಯೇಟರ್ ಎಲ್ಲಾ ಬಿಸಿನೂ ಕಿತ್ಕೊಂಡು ಬಿಡತ್ತೆ, ಹೀಟರಿಗೆ ಏನುಳಿಯತ್ತೆ.

ಇದನ್ನ ತೆಗೆದೋರು ಯಾರು? ನನಗಿಂತ ಮುಂಚೆ ಇಟ್ಕೊಂಡಿದ್ದೋರ ಕಾಲದಲ್ಲಿ ಎಂಜಿನ್ ಹೀಟ್ ಆಗ್ತಿತ್ತಂತೆ, ಯಾವುದೋ ಗ್ಯಾರೇಜಲ್ಲಿ ‘ನಮ್ಮ ದೇಶಕ್ಕೆ ಇದು ಬೇಡ’ ಅಂತ ಕಿತ್ತು ಬಿಸಾಕಿದ್ರಂತೆ. ಇದು ಒಂದು ಗ್ಯಾರೇಜಿನ ಕಥೆ ಅಲ್ಲ, ಹಳೇ ಗಾಡಿ ಇರೋರನ್ನ ಯಾರನ್ನ ಬೇಕಾದ್ರೂ ಕೇಳಿ, ಈ ಮಾತು ಕೇಳೇ ಇರ್ತಾರೆ. ಹೀಟ್ ಆಗೋದಕ್ಕೆ ರೇಡಿಯೇಟರ್ ಕಟ್ಕೊಂಡಿರಬಹುದು, ಫ್ಯಾನ್ ಸ್ವಿಚ್ ಹೋಗಿರಬಹುದು, ವಾಟರ್ ಪಂಪ್ ಸವೆದಿರಬಹುದು, ಕ್ಯಾಪ್ ಪ್ರೆಶರ್ ಹಿಡೀತಿಲ್ಲದೇ ಇರಬಹುದು, ಅದನ್ನೆಲ್ಲ ಹುಡುಕೋದು ಕೆಲಸ, ಥರ್ಮೋಸ್ಟಾಟ್ ಕೀಳೋದು ಎರಡು ಬೋಲ್ಟು. ಕಿತ್ತ ಮೇಲೆ ಎಂಜಿನ್ ಯಾವಾಗ್ಲೂ ಅರ್ಧ ಚಳಿಯಲ್ಲೇ ಓಡತ್ತೆ, ಇಂಜೆಕ್ಷನ್ ಗಾಡಿ ಆದ್ರೆ ಅದರ ಕಂಪ್ಯೂಟರ್ ಎಂಜಿನ್ ಇನ್ನೂ ಬಿಸಿಯಾಗಿಲ್ಲ ಅಂತ ತಿಳ್ಕೊಂಡು ಪೆಟ್ರೋಲ್ ಜಾಸ್ತಿ ಸುರೀತಾ ಇರತ್ತೆ, ಮೈಲೇಜ್ ಬೀಳತ್ತೆ, ಸುಡದೇ ಉಳಿದ ಪೆಟ್ರೋಲ್ ಆಯಿಲ್ ಜೊತೆ ಸೇರತ್ತೆ, ಎಂಜಿನ್ ಬೇಗ ಸವೆಯತ್ತೆ. ತಮಾಷೆ ಏನಂದ್ರೆ ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಅದರ ಇನ್ನೊಂದು ತುದಿ ಬೈಪಾಸ್ ದಾರಿನ ಮುಚ್ಚತ್ತೆ, ಅದಿಲ್ಲದಿದ್ರೆ ಬಿಸಿನೀರು ರೇಡಿಯೇಟರಿಗೆ ಹೋಗದೇ ಎಂಜಿನ್‌ನಲ್ಲೇ ಸುತ್ತತ್ತೆ, ಅಂದ್ರೆ ಹೀಟ್ ಆಗಬಾರದು ಅಂತ ತೆಗೆದಿದ್ದಕ್ಕೇ ಹೀಟ್ ಆಗಬಹುದು.

ಗಾಡಿ ಸ್ಪೇರ್ ಪಾರ್ಟ್ಸ್ ಅಂಗಡಿಗಳಿರೋ ಜೆಸಿ ರೋಡಲ್ಲಿ ಹುಡುಕಿದ್ರೆ ಹೊಸ ಥರ್ಮೋಸ್ಟಾಟ್ ಕೆಲವು ನೂರು ರೂಪಾಯಿಗೆ ಸಿಗತ್ತೆ. ತಗೋವಾಗ ಅದರ ಮೇಲೆ ಒತ್ತಿರೋ ಡಿಗ್ರಿ ನಂಬರ್ ನಮ್ಮ ಗಾಡಿದೇನಾ ನೋಡ್ಕೊಳ್ಳಿ. ಹಾಕೋ ಮುಂಚೆ ಹಳೇ ಪಾತ್ರೆಯಲ್ಲಿ ನೀರಿಟ್ಟು, ತಳಕ್ಕೆ ತಾಗದ ಹಾಗೆ ದಾರದಲ್ಲಿ ಇಳಿಬಿಟ್ಟು ಕಾಯಿಸಿದ್ರೆ ಕುದಿಯೋದ್ರೊಳಗೆ ಬಾಯಿ ಬಿಡಬೇಕು, ಹೊರಗೆ ತೆಗೆದ್ರೆ ಮುಚ್ಕೋಬೇಕು, ಲೋಕಲ್ ಮಾಲು ಇಲ್ಲೇ ಸಿಕ್ಕಿಬೀಳತ್ತೆ. ಗಾಡಿಯಿಂದ ತೆಗೆದ ಹಳೇದನ್ನ ಹೀಗೆ ನೋಡೋದಾದ್ರೆ ಅಡುಗೆ ಪಾತ್ರೆ ಬೇಡ, ಕೂಲೆಂಟ್ ವಿಷ. ಕೆಲವು ಥರ್ಮೋಸ್ಟಾಟ್‌ನಲ್ಲಿ ಅಲ್ಲಾಡೋ ಒಂದು ಪುಟ್ಟ ಪಿನ್ ಇರತ್ತೆ, ಅದು ಗಾಳಿ ಹೋಗೋ ದಾರಿ, ಫಿಟ್ ಮಾಡುವಾಗ ಮೇಲ್ಗಡೆ ಬರಬೇಕು. ಸೋರದ ಹಾಗೆ ಮಧ್ಯೆ ಕೂರಿಸೋ ಗ್ಯಾಸ್ಕೆಟ್ ಹೊಸದೇ ಹಾಕಿಸಿ.

ಹಾಕಿದ ಮೇಲೆ ಹೈವೇ ಸರಿಹೋಯ್ತು, ಆದ್ರೆ ಹೊಸ ತಕರಾರು, ಸಿಗ್ನಲ್‌ನಲ್ಲಿ ನಿಂತಾಗ ತಣ್ಣಗೆ, ಆಕ್ಸಿಲರೇಟರ್ ಒತ್ತಿ ರೇಸ್ ಕೊಟ್ರೆ ಬಿಸಿ, ಜೊತೆಗೆ ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಸದ್ದು. ಇದು ಏರ್ ಲಾಕ್. ಎಷ್ಟೋ ಗಾಡಿಗಳಲ್ಲಿ ಹೀಟರ್ ಕಾಯಿಲ್ ಎತ್ತರದಲ್ಲಿ ಇರತ್ತೆ, ಕೂಲೆಂಟ್ ಇಳಿಸಿ ತುಂಬಿದಾಗ ಗಾಳಿ ಹೋಗಿ ಅಲ್ಲೇ ಕೂತ್ಕೊಳತ್ತೆ. ಗಾಡಿ ತಣ್ಣಗಿದ್ದಾಗ, ತಣ್ಣಗಿದ್ದಾಗ ಅಂತ ಎರಡು ಸಲ ಹೇಳ್ತಿದೀನಿ, ಬಿಸಿ ಎಂಜಿನ್‌ದು ರೇಡಿಯೇಟರ್ ಕ್ಯಾಪ್ ತೆಗೆದು ಮುಖ ಕೈ ಸುಟ್ಕೊಂಡೋರು ಇದಾರೆ, ಮೂತಿ ಮೇಲಾಗೋ ಹಾಗೆ ಅಪಾರ್ಟ್‌ಮೆಂಟ್ ರ‍್ಯಾಂಪ್ ಮೇಲೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ ಚಕ್ರಕ್ಕೆ ಕಲ್ಲು ಕೊಟ್ಟು, ಕ್ಯಾಪ್ ತೆಗೆದು, ಹೀಟರ್ ನಾಬ್ ಪೂರ್ತಿ ಕೆಂಪಿಗೆ ತಿರುಗಿಸಿ ಆಮೇಲೆ ಸ್ಟಾರ್ಟ್ ಮಾಡಿ ಐಡ್ಲಿಂಗ್‌ನಲ್ಲಿ ಬಿಟ್ರೆ ಗುಳ್ಳೆ ಬರ್ತಾ ಹೋಗತ್ತೆ, ಮಟ್ಟ ಇಳಿದ ಹಾಗೆ ಕೂಲೆಂಟ್ ಸೇರಿಸ್ತಾ ಬರ್ಬೇಕು. ಗಾಳಿ ಬಿಡೋಕೆ ಬೇರೆ ಸ್ಕ್ರೂ ಕೊಟ್ಟಿರೋ ಗಾಡಿಗಳೂ ಇವೆ. ಗುಳ್ಳೆ ನಿಲ್ಲೋದೇ ಇಲ್ಲ, ಕೂಲೆಂಟ್ ಕಮ್ಮಿ ಆಗ್ತಾನೇ ಇದೆ, ಹೊರಗೆಲ್ಲೂ ಸೋರ್ತಿಲ್ಲ ಅಂದ್ರೆ ಎಂಜಿನ್ ಹೆಡ್ಡಿಗೂ ಬ್ಲಾಕಿಗೂ ಮಧ್ಯೆ ಇರೋ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ, ಅದು ದೊಡ್ಡ ಖರ್ಚು.

ಎಲ್ಲರದ್ದೂ ನನ್ನ ಗಾಡಿ ಹಾಗೇ ಇರಲ್ಲ. ಡ್ಯಾಶ್‌ಬೋರ್ಡ್ ಬಿಚ್ಚಬೇಕು ಅಂತ ಯಾರಾದ್ರೂ ಅಂದ್ರೆ ಒಪ್ಪೋ ಮುಂಚೆ ಒಂದು ಪರೀಕ್ಷೆ ಮಾಡಿಸಿ. ಎಂಜಿನ್ ರೂಮ್‌ನಿಂದ ಕ್ಯಾಬಿನ್ ಒಳಗೆ ಹೋಗೋ ಎರಡು ಸಣ್ಣ ಹೋಸ್‌ಗಳಿವೆಯಲ್ಲ, ಗಾಡಿ ಬಿಸಿಯಾದ ಮೇಲೆ, ಹೀಟರ್ ಫುಲ್ ಇಟ್ಟು, ಫ್ಯಾನ್ ಬೆಲ್ಟ್ ಕಡೆ ಕೈ ಹೋಗದ ಹಾಗೆ ನೋಡ್ಕೊಂಡು ಎರಡನ್ನೂ ಮುಟ್ಟಿ ನೋಡಲಿ. ಎರಡೂ ಚುರುಕ್ ಅಂತ ಬಿಸಿ ಇದ್ರೆ ನೀರಿನ ಕಡೆ ತೊಂದರೆ ಇಲ್ಲ, ಒಳಗಡೆ ಗಾಳಿ ತಿರುಗಿಸೋ ಫ್ಲಾಪ್ ಅಥವಾ ಅದರ ಕೇಬಲ್ ಕಳಚ್ಕೊಂಡಿದೆ, ನಾಬ್ ತಿರುಗತ್ತೆ ಒಳಗೇನೂ ಆಗಲ್ಲ, ಕೆಲವು ಸಲ ಒಂದು ಕ್ಲಿಪ್ಪಿನ ಕೆಲಸ. ಒಂದು ಬಿಸಿ ಒಂದು ತಣ್ಣಗೆ ಅಂದ್ರೆ ಕಾಯಿಲ್ ಕಟ್ಟಿದೆ, ಇಲ್ಲಾ ಕಾಯಿಲ್‌ಗೆ ಬಿಸಿನೀರು ಬಿಡೋ ಹೀಟರ್ ವಾಲ್ವ್ ಮುಚ್ಚಿಯೇ ಇದೆ. ಎರಡೂ ಉಗುರು ಬೆಚ್ಚಗೆ ಅಂದ್ರೆ ಥರ್ಮೋಸ್ಟಾಟ್ ಅಥವಾ ಕೂಲೆಂಟ್ ಕಮ್ಮಿ. ಒಂದು ಪೈಸೆ ಖರ್ಚಿಲ್ಲದ ಈ ಪರೀಕ್ಷೆ ಮಾಡದೇ ಡ್ಯಾಶ್‌ಬೋರ್ಡಿಗೆ ಕೈ ಹಾಕೋರ ಹತ್ರ ಗಾಡಿ ಬಿಡ್ಬೇಡಿ.

ಇನ್ನು ಗಾಳಿನೇ ಸರಿಯಾಗಿ ಬರ್ತಿಲ್ಲ ಅನ್ನೋದು ಬೇರೆ ಕೇಸು. ಬ್ಲೋವರ್ ಒಂದು ಎರಡು ಮೂರರಲ್ಲಿ ಓಡಲ್ಲ, ನಾಲ್ಕಕ್ಕೆ ಇಟ್ರೆ ಮಾತ್ರ ಓಡತ್ತೆ ಅಂದ್ರೆ ಸಾಮಾನ್ಯವಾಗಿ ಸ್ಪೀಡ್ ಕಮ್ಮಿ ಮಾಡೋ ರೆಸಿಸ್ಟರ್ ಸುಟ್ಟಿರತ್ತೆ, ಮೋಟರ್ ಬದಲಾಯಿಸಿ ಅಂದ್ರೆ ಒಪ್ಪಬೇಡಿ. ಜಯನಗರ, ಮಲ್ಲೇಶ್ವರದಂಥ ಮರ ಇರೋ ರಸ್ತೆಗಳಲ್ಲಿ ಗಾಡಿ ನಿಲ್ಲಿಸೋರು ವೈಪರ್ ಬುಡದಲ್ಲಿರೋ ಜಾಲರಿ ತೆಗೆದು ನೋಡಿ, ಗುಲ್‌ಮೊಹರ್ ಎಲೆ, ಮಳೆಮರದ ಕಸ ಎಲ್ಲಾ ಗೊಬ್ಬರ ಆಗಿ ಕೂತಿರತ್ತೆ, ಹೊರಗಿನ ಗಾಳಿ ಒಳಗೆ ಬರೋ ದಾರಿನೇ ಅದು.

ಕಾಯಿಲ್ ಕಟ್ಟೋದಕ್ಕೆ ಕಾರಣ ಹೆಚ್ಚಾಗಿ ನಲ್ಲಿ ನೀರು, ಅದರಲ್ಲೂ ಬೋರ್‌ವೆಲ್ ನೀರು. ನಮ್ಮನೆ ಗೀಸರ್ ಬಿಚ್ಚಿದಾಗ ಬಿಳೀ ಗಟ್ಟಿ ಉಪ್ಪು ಬರತ್ತಲ್ಲ, ಅದೇ ಉಪ್ಪು ಎಂಜಿನ್ ಒಳಗೂ ಕಟ್ಟತ್ತೆ, ಹೀಟರ್ ಕಾಯಿಲ್‌ನ ಸಂದುಗಳು ಸಣ್ಣವು, ಬೇಗ ಮುಚ್ಚಿ ಹೋಗತ್ತೆ. ಪೆಟ್ರೋಲ್ ಬಂಕಲ್ಲಿ ಬಾಟಲಿ ನೀರು ಸುರಿಯೋ ಅಭ್ಯಾಸ ದಾರಿಯಲ್ಲಿ ತುರ್ತಿಗೆ ಸರಿ, ಆಮೇಲೆ ತೆಗೆಸಿ ಸರಿಯಾದ ಕೂಲೆಂಟ್ ಹಾಕಿಸ್ಬೇಕು, ಮೊದಲೇ ನೀರು ಬೆರೆಸಿ ರೆಡಿ ಇರೋ ಕೂಲೆಂಟ್ ಅಲ್ಲ ಅಂದ್ರೆ ಡಿಸ್ಟಿಲ್ಡ್ ವಾಟರ್ ಜೊತೆ ಸಾಮಾನ್ಯವಾಗಿ ಅರ್ಧ ಅರ್ಧ. ನಮ್ಮೂರಲ್ಲಿ ನೀರು ಹೆಪ್ಪುಗಟ್ಟಲ್ಲ, ಕೂಲೆಂಟ್ ಯಾಕೆ ಅಂತ ಕೇಳೋರಿಗೆ, ಅದು ತುಕ್ಕು ಹಿಡಿಯದ ಹಾಗೆ ನೋಡ್ಕೊಳತ್ತೆ, ಕುದಿಯೋ ಡಿಗ್ರಿನೂ ಏರಿಸತ್ತೆ. ಕಟ್ಟಿರೋ ಕಾಯಿಲ್‌ನ ಎರಡು ಹೋಸ್ ಬಿಚ್ಚಿ ಉಲ್ಟಾ ದಿಕ್ಕಿಂದ ನೀರು ಬಿಟ್ಟು ತೊಳೀಬಹುದು, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗತ್ತೆ, ಆದ್ರೆ ವಾಟರ್ ಸರ್ವಿಸ್ ಗನ್ ಹಿಡಿಯೋಕೆ ಬಿಡ್ಬೇಡಿ, ಹಳೇ ಕಾಯಿಲ್ ಆ ಪ್ರೆಶರಿಗೆ ಬಾಯಿ ಬಿಡತ್ತೆ, ಆಗ ನಿಜವಾಗ್ಲೂ ಡ್ಯಾಶ್‌ಬೋರ್ಡ್ ಬಿಚ್ಚಬೇಕಾಗತ್ತೆ. ತೊಳೆದ ಕೂಲೆಂಟ್ ನೀರನ್ನ ಬೀದಿಗೆ ಚೆಲ್ಲಬೇಡಿ, ರುಚಿ ಸಿಹಿ ಇರೋದ್ರಿಂದ ನಾಯಿ ಬೆಕ್ಕು ನೆಕ್ಕತ್ವೆ, ಎಥಿಲೀನ್ ಗ್ಲೈಕಾಲ್ ಅವುಗಳ ಕಿಡ್ನಿ ಹಾಳು ಮಾಡಿ ಸಾಯಿಸತ್ತೆ.

ಕಾಯಿಲ್ ಸೋರ್ತಿದ್ರೆ ಮೂಗಿಗೆ ಗೊತ್ತಾಗತ್ತೆ, ಸಿಹಿ ಸಿಹಿ ವಾಸನೆ, ಗ್ಲಾಸಿನ ಒಳಗಡೆ ಎಣ್ಣೆ ಸವರಿದ ಹಾಗೆ ಜಿಡ್ಡು, ಕಾಲಡಿ ಕಾರ್ಪೆಟ್ ಅಂಟಂಟು. ಬರೀ ನೀರು, ಜಿಡ್ಡಿಲ್ಲ, ಎಸಿ ಹಾಕಿದ ದಿನ ಮಾತ್ರ ಅಂದ್ರೆ ಎಸಿ ಡ್ರೈನ್ ಪೈಪ್ ಕಟ್ಕೊಂಡಿರತ್ತೆ, ಅದನ್ನ ತಂತಿ ಹಾಕಿ ಬಿಡಿಸಿದ್ರೆ ಆಯ್ತು. ಹೀಟರ್ ಹಾಕಿದಾಗ ಹೊಗೆ ವಾಸನೆ ಬಂದ್ರೆ ಮಾತ್ರ ತಕ್ಷಣ ಕಿಟಕಿ ಇಳಿಸಿ, ಸೈಲೆನ್ಸರ್ ಪೈಪ್ ಎಲ್ಲೋ ಮುಂದ್ಗಡೆ ಸೋರ್ತಿದೆ ಅಂತ, ಹೀಟರ್ ಏನೂ ಸುಡಲ್ಲ, ಆದ್ರೆ ಬ್ಲೋವರ್ ಆ ಹೊಗೆನ ಒಳಗೆ ಎಳ್ಕೊಳತ್ತೆ, ಅದರಲ್ಲಿರೋ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಗಾಳಿಗೆ ವಾಸನೆ ಕೂಡ ಇಲ್ಲ.

ಇನ್ನೊಂದು ಅನಾಹುತ ನಡೆಯೋದು ಏಪ್ರಿಲ್‌ನಲ್ಲಿ. ಎಸಿ ತಣ್ಣಗಾಗ್ತಿಲ್ಲ ಅಂತ ಹೋಗ್ತೀವಿ, ಹೀಟರ್ ವಾಲ್ವ್ ಪೂರ್ತಿ ಮುಚ್ಚದೇ ಬಿಸಿನೀರು ಕಾಯಿಲ್‌ಗೆ ಹೋಗ್ತಾ ಇರತ್ತೆ, ಎಸಿ ತಣ್ಣಗೆ ಮಾಡಿದ್ದನ್ನ ಅದು ಬಿಸಿ ಮಾಡ್ತಿರತ್ತೆ. ವಾಲ್ವ್ ಬದಲಾಯಿಸೋ ಬದಲು ಎರಡೂ ಹೋಸ್‌ಗಳನ್ನ ಒಂದಕ್ಕೊಂದು ಸೇರಿಸಿ ಕ್ಲಿಪ್ ಬಿಗಿದು ‘ಈಗ ನೋಡಿ ಮೇಡಂ, ಐಸ್ ಹಾಗೆ’ ಅಂತಾರೆ. ಐಸ್ ಹಾಗೇ ಇರತ್ತೆ, ಜೂನ್‌ನಲ್ಲಿ ಶಿರಾಡಿ ಘಾಟಿ ಇಳಿಯೋವರೆಗೂ. ಹೀಗೆ ಬೈಪಾಸ್ ಮಾಡೋದೇ ಆದ್ರೆ ಮಾಲೀಕರಿಗೆ ಹೇಳಿ ಬಿಲ್ಲಲ್ಲಿ ಬರೀರಿ ಅನ್ನೋದು ಗ್ಯಾರೇಜಿನೋರಿಗೆ ನನ್ನ ವಿನಂತಿ, ಆ ಗಾಡಿ ಮುಂದೆ ಕೊಳ್ಳೋರಿಗಾದ್ರೂ ತಿಳೀಲಿ. ಸೆಕೆಂಡ್ ಹ್ಯಾಂಡ್ ತಗೋಳೋರು ಟೆಸ್ಟ್ ಡ್ರೈವ್‌ನಲ್ಲಿ ಎಸಿ, ಸ್ಟೀರಿಯೋ ನೋಡಿದ ಹಾಗೆ ಹೀಟರ್ ಕೂಡ ಹತ್ತು ನಿಮಿಷ ಹಾಕಿ ನೋಡಿ, ಮಾರೋರು ಬಾಯಲ್ಲಿ ಹೇಳದ ಎಂಜಿನ್ ಸಮಾಚಾರ ಅದರಲ್ಲಿ ಗೊತ್ತಾಗತ್ತೆ.

ಎಫ್‌ಸಿಗೆ ಹೋದಾಗ ವೈಪರ್ ಓಡತ್ತಾ, ಲೈಟ್ ಉರಿಯತ್ತಾ, ಹೊಗೆ ಎಷ್ಟು ಅಂತ ನೋಡಿದ್ರು, ಗ್ಲಾಸಿಗೆ ಬಿಸಿಗಾಳಿ ಬರತ್ತಾ ಅಂತ ನನ್ನ ಗಾಡೀಲಿ ಯಾರೂ ನೋಡಲಿಲ್ಲ. ಹೊರಗಿನ ನೀರು ಒರೆಸೋಕೆ ಇರೋ ಬೆಲೆ ಒಳಗಿನ ಮಬ್ಬಿಗೂ ಕೊಡಬಹುದು ಅಂತ ಸಾರಿಗೆ ಇಲಾಖೆಯೋರು ಯೋಚನೆ ಮಾಡಲಿ, ಒಂದು ನಿಮಿಷದ ಕೆಲಸ.

ನಿಮ್ಮ ಪತ್ರಿಕೆಗೂ ಒಂದು ಮಾತು. ಆಟೋ ಪುಟದಲ್ಲಿ ಹೊಸ ಗಾಡಿದು ಸನ್‌ರೂಫ್ ಎಷ್ಟುದ್ದ, ಸ್ಕ್ರೀನ್ ಎಷ್ಟಗಲ ಅಂತ ವಾರವಾರ ಹಾಕ್ತೀರಿ, ಅದರ ಪಕ್ಕ ಹಳೇ ಗಾಡಿ ರಿಪೇರಿಗೆ ಅಂತ ಒಂದು ಕಾಲಂ ಕೊಡಿ, ಕನ್ನಡದಲ್ಲಿ, ಕೆಲಸ ಗೊತ್ತಿರೋ ಮೆಕ್ಯಾನಿಕ್‌ಗಳನ್ನ ಮಾತಾಡಿಸಿ ಬರೀರಿ. ಮೊದಲ ವಾರಕ್ಕೆ ಥರ್ಮೋಸ್ಟಾಟ್ ಹಾಕಿ, ಎರಡನೇ ವಾರ ರೇಡಿಯೇಟರ್ ಕ್ಯಾಪ್, ಅದರ ಬಗ್ಗೆ ಕೇಳೋಕೆ ನನ್ನ ಹತ್ರ ಇನ್ನೂ ಪ್ರಶ್ನೆ ಇವೆ.

ಇಂತಿ,
ಒಬ್ಬ ಓದುಗಿ
ಶ್ರೀನಗರ, ಬೆಂಗಳೂರು